ಜನವರಿ ಒಂದರ ಹೆಂಗಸರು

“ನಿಮ್ಮ ದೇಶದಲ್ಲಿ ಹೆಂಗಸ್ರು ವರ್ಷಕ್ಕೆ ಒಂದೇ ದಿನ ಹೆರೋದಾ?”

ಡಾರ್ಲೀನ್ ಇದನ್ನು ನಗುತ್ತಲೇ ಕೇಳಿದಳು. ನಗರಸಭೆಯಲ್ಲಿ ಚುನಾವಣೆಯ ಕಾಗದಪತ್ರ ನೋಡಿಕೊಳ್ಳುವವಳು ಅವಳು. ನಾವು ಕೊಟ್ಟಿದ್ದ ಸಹಿ ಪಟ್ಟಿಯ ಹಾಳೆಗಳನ್ನು ಕೌಂಟರಿನ ಮೇಲೆ ಇಸ್ಪೀಟೆಲೆಗಳಂತೆ ಹರಡಿಕೊಂಡು, ಕೆಂಪು ಪೆನ್ನಿನ ತುದಿಯಿಂದ ಹುಟ್ಟಿದ ದಿನದ ಸಾಲನ್ನು ಮೇಲಿಂದ ಕೆಳಕ್ಕೆ ಕುಕ್ಕುತ್ತ ಬಂದಳು. ಜನವರಿ ಒಂದು. ಜನವರಿ ಒಂದು. ಜನವರಿ ಒಂದು. ನಡುವೆ ಎಲ್ಲೋ ಒಂದು ಜೂನ್ ಬಂತು. ಮತ್ತೆ ಜನವರಿ ಒಂದು. ಹಿಂದಿನ ಮೇಜಿನಿಂದ ಗಂಡಸೊಬ್ಬ ಕಾಫಿ ಲೋಟ ಹಿಡಿದು ಎದ್ದು ಬಂದು ಅವಳ ಹೆಗಲ ಮೇಲಿಂದ ಇಣುಕಿದ. ಒಂದು ಕೇಕು ತಂದರೆ ಇಡೀ ಕೇರಿಗೇ ಆಗುತ್ತದಲ್ಲ ಎಂದ. ಇಬ್ಬರೂ ನಕ್ಕರು.

ಬಿಂತಿ ಮುಯಾ ನಗಲಿಲ್ಲ. ನಗರಸಭೆಯ ಚುನಾವಣೆಗೆ ನಿಲ್ಲುವವಳು ಅವಳು. ಮೂವತ್ತನಾಲ್ಕು ವರ್ಷ, ಮೂರು ಮಕ್ಕಳು, ಟರ್ಕಿ ಕೋಳಿ ಕತ್ತರಿಸುವ ಕಾರ್ಖಾನೆಯಲ್ಲಿ ರೆಕ್ಕೆ ಬಿಡಿಸುವ ಕೆಲಸ. ಅವಳ ಪಕ್ಕದಲ್ಲಿ ನಾನು ಅಂಬಿಯೊ, ಅದೇ ಕಾರ್ಖಾನೆಯಲ್ಲಿ ಎದೆಯ ಎಲುಬು ತೆಗೆಯುವವಳು. ಹಗಲು ಪಾಳಿ ಮುಗಿಸಿ ಬೂಟು ಕೂಡ ಬದಲಿಸದೆ ಬಂದಿದ್ದೆವು.

“ಆ ದಿನ ನಾವ್ ಆರ್ಸ್ಕಂಡಿದ್ದಲ್ಲ ಕಣಮ್ಮ,” ಎಂದಳು ಬಿಂತಿ. “ನಿಮ್ ಸರ್ಕಾರ ಕೊಟ್ಟಿರೋ ಚೀಟಿ ಮ್ಯಾಲೇ ಅಂಗೈತೆ. ಬೇಕಾದ್ರೆ ತಗ್ಸಿ ನೋಡು.”

ಹಾಗೇ ಇದ್ದದ್ದು. ಸೊಮಾಲಿಯಾದ ನದಿದಂಡೆಯ ಹೊಲಗಳಿಂದ ಓಡಿ ಬಂದು ಕೀನ್ಯಾದ ಶಿಬಿರದಲ್ಲಿ ಬಿದ್ದವರು ನಾವು. ಅಲ್ಲಿ ಜಾಲಿ ಮರದ ಕೆಳಗೆ ಮೇಜು ಹಾಕಿಕೊಂಡು ಕೂತಿದ್ದ ಗುಮಾಸ್ತ, ಯಾವಾಗ ಹುಟ್ಟಿದೆ ಎಂದು ಕೇಳುತ್ತಿದ್ದ. ಎರಡನೆಯ ನೆರೆ ಬಂದ ವರ್ಷ ಎನ್ನುತ್ತಿದ್ದೆವು. ಎಳ್ಳು ಕಿತ್ತ ತಿಂಗಳು ಎನ್ನುತ್ತಿದ್ದೆವು. ಅವನು ಮುಖ ನೋಡಿ, ಬಾಯಿ ತೆರೆಸಿ ಹಲ್ಲು ನೋಡಿ, ಒಂದು ಇಸವಿ ಬರೆದುಕೊಳ್ಳುತ್ತಿದ್ದ; ದಿನದ ಜಾಗದಲ್ಲಿ ಜನವರಿ ಒಂದು ಎಂದು ಗೀಚಿ, ಮುಂದಿನವರು ಬನ್ನಿ ಎನ್ನುತ್ತಿದ್ದ. ಆ ಗೀಚಿದ್ದನ್ನೇ ಹೊತ್ತುಕೊಂಡು ವಿಮಾನ ಹತ್ತಿದೆವು, ಅಮೆರಿಕದ ಈ ಚಳಿಯ ಊರಿಗೆ ಬಂದೆವು, ಅದೇ ದಿನಾಂಕ ಹೇಳಿ ಪೌರತ್ವದ ಪರೀಕ್ಷೆ ಪಾಸು ಮಾಡಿದೆವು. ಇದುವರೆಗೆ ಯಾರೂ ನಕ್ಕಿರಲಿಲ್ಲ.

ಬರೀ ದಿನಾಂಕದ ಮಾತಾಗಿದ್ದರೆ ಬಿಡುತ್ತಿದ್ದೆ ಎಂದಳು ಡಾರ್ಲೀನ್. ಅದನ್ನು ನೋಡಿ ಅನುಮಾನ ಬಂದದ್ದರಿಂದಲೇ ಉಳಿದದ್ದನ್ನೂ ನೋಡಿದಳಂತೆ. ಹೆಸರು, ವಿಳಾಸ, ಹುಟ್ಟಿದ ದಿನ, ಮೂರನ್ನೂ ಸಹಿ ಹಾಕುವವರೇ ತಮ್ಮ ಕೈಯಾರೆ ತುಂಬಬೇಕು ಎಂದು ನಿಯಮವಿತ್ತು. ಇಲ್ಲಿ ಎಂಬತ್ತಮೂರು ಸಾಲು ಒಂದೇ ಕೈಯಲ್ಲಿ ಬರೆದದ್ದು. ಒಂದೇ ಮಸಿ, ಒಂದೇ ಓರೆ, ಒಂದೇ ದುಂಡು. ಸಹಿ ಮಾತ್ರ ಬೇರೆ ಬೇರೆ. ಅದರಲ್ಲೂ ಎಷ್ಟೋ ಬರೀ ಕಾಗೆ ಕಾಲು.

“ಈ ಕೈ ಯಾರ್ದು?” ಎಂದು ಕೇಳಿದಳು.

ನನ್ನದು.

ನಾನು ಶಿಬಿರದ ಶಾಲೆಯಲ್ಲಿ ಮೂವತ್ತು ದಾಟಿದ ಮೇಲೆ ಅಕ್ಷರ ಕಲಿತವಳು. ಮರಳಿನ ಮೇಲೆ ಬರೆದು ಬರೆದು ದುಂಡಗೆ ಮಾಡಿಕೊಂಡ ಬರಹ. ಅಲ್ಲಿ ಪಡಿತರ ಚೀಟಿಯಿಂದ ಹಿಡಿದು ಸತ್ತವರ ಪಟ್ಟಿಯವರೆಗೆ ನಾನೇ ತುಂಬುತ್ತಿದ್ದೆ. ಉಳಿದವರು ಕೆಳಗೆ ಗುರುತು ಹಾಕುತ್ತಿದ್ದರು. ನಮ್ಮಲ್ಲಿ ಹಾಗೆಯೇ. ಬರೆಯಲು ಬರುವವಳು ಬರೆಯುತ್ತಾಳೆ, ಬಾರದವಳು ಟೀ ಕಾಸುತ್ತಾಳೆ. ಹೋದ ಎರಡು ವಾರ ಬಿಂತಿಯ ಜೊತೆ ಮನೆಮನೆ ತಿರುಗಿದಾಗಲೂ ಹಾಗೇ ಆಯಿತು. ಬಾಗಿಲು ತೆಗೆದವರೆಲ್ಲ, ನೀನೇ ಬರಿ ಚಿಕ್ಕವ್ವ, ನಿನ್ನ ಅಕ್ಷರ ಮುದ್ದಾಗಿದೆ ಎಂದರು. ನಾನು ಉಬ್ಬಿದೆ. ಕೂತು ಬರೆದೆ. ಸಹಿ ಮಾತ್ರ ಅವರಿಂದ ಹಾಕಿಸಿದೆ.

ಡಾರ್ಲೀನ್ ಸಾಲಿನ ಮೇಲೆ ಸಾಲು ಕೆಂಪು ಗೆರೆ ಎಳೆದಿದ್ದಳು. ಚುನಾವಣೆಗೆ ನಿಲ್ಲಲು ಬೇಕಾದದ್ದು ವಾರ್ಡಿನ ನೂರು ಮತದಾರರ ಸಹಿ. ನಾವು ಕೊಟ್ಟದ್ದು ನೂರಾ ಇಪ್ಪತ್ತಾರು. ಉಳಿದದ್ದು ನಲವತ್ತಮೂರು: ಇಲ್ಲೇ ಶಾಲೆ ಕಲಿತ ನಮ್ಮ ಮಕ್ಕಳು, ಬೇಕರಿಯ ಮೆಕ್ಸಿಕೊದವರು, ಸ್ಕೂಲ್ ಬಸ್ಸು ಓಡಿಸಿ ನಿವೃತ್ತಳಾದ ಒಬ್ಬ ಬಿಳಿ ಮುದುಕಿ, ಮತ್ತು ನಾನು. ನನ್ನ ಸಾಲನ್ನು ನಾನೇ ಬರೆದಿದ್ದೆನಲ್ಲ, ಅದೊಂದು ನಿಯಮದ ಪ್ರಕಾರ ಇತ್ತು.

ನಾಳೆ ಮಂಗಳವಾರ ಸಂಜೆ ಐದಕ್ಕೆ ಕೊನೆ ಎಂದಳು. ಐವತ್ತೇಳು ಹೆಂಗಸರನ್ನು ಕರೆತಂದು ನನ್ನ ಕಣ್ಣೆದುರೇ, ಒಬ್ಬೊಬ್ಬರಾಗಿ, ಗುರುತಿನ ಚೀಟಿ ತೋರಿಸಿ, ಅವರವರ ಕೈಯಲ್ಲೇ ಬರೆಸಿ ಎಂದಳು. ಕಣ್ಣೆದುರೇ ಎನ್ನುವುದು ಯಾವ ನಿಯಮದಲ್ಲಿದೆ ಎಂದು ಬಿಂತಿ ಕೇಳಿದಳು. ಮೋಸದ ಕೇಸು ಬರೆದು ಪೊಲೀಸರಿಗೆ ಕೊಡುವುದೂ ನಿಯಮದಲ್ಲಿದೆ, ಅದನ್ನೇ ಮಾಡಲೇ ಎಂದು ಡಾರ್ಲೀನ್ ತಿರುಗಿ ಕೇಳಿದಳು. ಆಗಲೂ ನಗುತ್ತಲೇ ಇದ್ದಳು. ಈ ಊರಿನವರ ನಗು ಹಾಗೆ. ಬಾಗಿಲು ಹಾಕುವಾಗ ಇನ್ನಷ್ಟು ಅಗಲವಾಗುತ್ತದೆ.

ಹೊರಗೆ ಬಂದು ಆಗಸ್ಟಿನ ಬಿಸಿಲಲ್ಲಿ ನಿಂತೆವು. ಬಿಂತಿ ನನ್ನ ಬಲಗೈಯನ್ನು ಎತ್ತಿ ಹಿಡಿದು ನೋಡಿದಳು.

“ಈ ಮುದ್ದಾದ್ ಅಕ್ಸರ ಮುರ್ದೋಗ,” ಎಂದಳು. ಬೈಗುಳವೇ. ಆದರೆ ಕೈ ಬಿಡಲಿಲ್ಲ.

*

ನಮ್ಮ ಮನೆಗಳು ರೈಲು ಹಳಿಯ ಆಚೆಗಿವೆ. ಹಿಮ ಬಿದ್ದರೆ ಅದನ್ನು ತೆಗೆಯುವ ನಗರಸಭೆಯ ಗಾಡಿ ಮೊದಲು ಚರ್ಚಿನ ಬೀದಿಗೆ ಹೋಗುತ್ತದೆ, ಆಮೇಲೆ ಬ್ಯಾಂಕು, ಆಮೇಲೆ ಕೆರೆಯ ಸುತ್ತಲಿನ ಬಂಗಲೆಗಳು, ಆಮೇಲೆ ಕಾರ್ಖಾನೆಯ ಗೇಟು. ಹಳಿ ದಾಟಿ ಬರುವುದು ಎರಡನೆಯ ದಿನ, ಮೂರನೆಯ ದಿನ. ಹೋದ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ನನ್ನ ಮಗಳು ದಹಬೊಗೆ ದಿನ ತುಂಬುವ ಮೊದಲೇ ನೋವು ಬಂತು. ಫೋನು ಮಾಡಿದೆವು. ಆಂಬುಲೆನ್ಸು ಹಳಿಯವರೆಗೆ ಬಂದು ನಿಂತದ್ದು ಕಿಟಕಿಯಿಂದ ಕಾಣಿಸುತ್ತಿತ್ತು. ಅದರ ಕೆಂಪು ದೀಪ ಬಿಳಿ ಹಿಮದ ಮೇಲೆ ತಿರುಗುತ್ತಿತ್ತು. ಎರಡು ಗಂಟೆ ತಿರುಗಿತು. ಅವರು ಸ್ಟ್ರೆಚರ್ ಹೊತ್ತು ಸೊಂಟದುದ್ದ ಹಿಮದಲ್ಲಿ ನಡೆದು ಬರುವ ಹೊತ್ತಿಗೆ ಮಗು ನನ್ನ ಅಂಗೈಯಲ್ಲಿತ್ತು. ಹೆಣ್ಣು. ಉಸಿರಾಡಿರಲಿಲ್ಲ.

ಬಿಂತಿ ನಮ್ಮ ಗೋಡೆಯ ಆಚೆಯವಳು. ಬಿಸಿನೀರು ಕಾಸಿದವಳು, ಹೊಕ್ಕುಳಬಳ್ಳಿ ಕತ್ತರಿಸಿದವಳು ಅವಳೇ. ಮುಂದಿನ ವಾರ ನಗರಸಭೆಯ ಮೀಟಿಂಗಿಗೆ ಹೋಗಿ ಎದ್ದು ನಿಂತಳು. ಸಾರ್ವಜನಿಕರಿಗೆ ತಲಾ ಮೂರು ನಿಮಿಷ. ದುಭಾಷಿಯನ್ನು ಕರೆಸುತ್ತೇವೆ ಎಂದಿದ್ದರು, ಕರೆಸಿರಲಿಲ್ಲ. ಬಿಂತಿ ತನಗೆ ಬಂದ ಇಂಗ್ಲಿಷಿನಲ್ಲಿ ಹಿಮದಿಂದ ಶುರು ಮಾಡಿ ಆಂಬುಲೆನ್ಸಿನವರೆಗೆ ಬಂದಿದ್ದಳು, ಅಷ್ಟರಲ್ಲಿ ಮೇಯರು ಮೇಜಿನ ಮೇಲಿನ ಗಂಟೆ ಹೊಡೆದರು. ಮಗುವಿನ ಮಾತು ಬರಲೇ ಇಲ್ಲ. ಅವಳ ನಂತರ ಎದ್ದ ಬಂಗಲೆಯವನೊಬ್ಬ ಕೆರೆಯ ಬಾತುಕೋಳಿಗಳ ಬಗ್ಗೆ ಮಾತಾಡಿದ. ಅವನ ಮೂರು ನಿಮಿಷ ಮುಗಿದದ್ದನ್ನು ಯಾರೂ ಗಮನಿಸಲಿಲ್ಲ.

ವಾಪಸು ಬರುವಾಗ ಹಳಿಯ ಹತ್ತಿರ ನಿಂತು ಹೇಳಿದಳು: “ಚಿಕ್ಕವ್ವ, ಆ ಮೇಜಿನ್ ಆಕಡೀಗ್ ಕೂತಿರ್ತಾರಲ್ಲ, ಅವ್ರಿಗ್ ಯಾರೂ ಗಂಟೆ ಒಡ್ಯಲ್ಲ. ನಾನ್ ಆಕಡೀಗ್ ಓಗ್ ಕೂತ್ಕತೀನಿ.”

ಇದಕ್ಕೇ ಅವಳು ನಿಂತದ್ದು. ಇದಕ್ಕೇ ನಾನು ಬರೆದದ್ದು.

*

ಸೋಮವಾರ ಸಂಜೆಯೇ ಹಾಜಿ ಬಿಹಿಯ ಅಂಗಡಿಗೆ ಹೋದೆವು. ಕೆಂಪು ಗೆರೆ ಬಿದ್ದ ಎಂಬತ್ತಮೂರು ಜನ ನಮ್ಮವರೇನೋ ಇದ್ದರು, ಆದರೆ ಅವರಲ್ಲಿ ಮೂರರಲ್ಲೊಂದು ಪಾಲು, ಗಂಡಸರೆಲ್ಲ ಅದರಲ್ಲೇ, ಮಧ್ಯಾಹ್ನದ ಪಾಳಿಯವರು. ಐದರೊಳಗೆ ಕಾರ್ಖಾನೆಯಿಂದ ಹೊರಬರಲಾರರು. ದೊಡ್ಡ ಕುಲದ ಸೊಮಾಲಿಗಳ ಮನೆಗಳು ನಮ್ಮ ವಾರ್ಡಿನಲ್ಲಿ ನಲವತ್ತಕ್ಕೂ ಹೆಚ್ಚು. ಅವರಲ್ಲಿ ಅಕ್ಷರ ಬಲ್ಲ ಹೆಂಗಸರು ಬಹಳ. ಆ ಕುಲದ ಹಿರಿಯ ಹಾಜಿ ಒಂದು ಮಾತು ಹೇಳಿದರೆ ಸಾಕಿತ್ತು.

ಹಾಜಿಯ ಅಂಗಡಿಯಲ್ಲಿ ಹಲಾಲ್ ಮಾಂಸ, ಖರ್ಜೂರ, ಊರಿಗೆ ಫೋನು ಮಾಡುವ ಕಾರ್ಡು ಎಲ್ಲ ಸಿಗುತ್ತದೆ. ಗೋಡೆಯ ಮೇಲೆ ಮೇಯರ ಪಕ್ಕ ನಿಂತ ಅವನ ಫೋಟೊ ಇದೆ. ನಮ್ಮನ್ನು ಕೂರಿ ಎನ್ನಲಿಲ್ಲ. ಸುತ್ತ ಕೂತು ಟೀ ಕುಡಿಯುತ್ತಿದ್ದ ನಾಲ್ಕು ಜನ ಗಂಡಸರೂ ಕಾಲು ಸರಿಸಲಿಲ್ಲ. ಬಿಂತಿ ಸಾವಧಾನವಾಗಿ ಎಲ್ಲ ಹೇಳಿದಳು. ಹಿಮ ಎಲ್ಲರ ಬಾಗಿಲಿಗೂ ಬೀಳುತ್ತದೆ ಎಂದಳು. ಹಾಜಿ ಎಲೆಕೋಸಿನ ಎಲೆ ಬಿಡಿಸುತ್ತ ಕೇಳಿಸಿಕೊಂಡ.

ಹೆಂಗಸರು ಮುಂದೆ ಬರುವುದಕ್ಕೆ ತನ್ನ ಅಡ್ಡಿಯಿಲ್ಲ ಎಂದ. ಮುಂದಿನ ಸಲ ಮನೆತನದವರನ್ನು ನೋಡಿ ನಿಲ್ಲಿಸೋಣ ಎಂದು ಮೇಯರೇ ತನ್ನ ಹತ್ತಿರ ಹೇಳಿದ್ದಾರೆ ಎಂದ. ಆಮೇಲೆ ಎಲೆಕೋಸು ಕೆಳಗಿಟ್ಟ.

“ನೋಡು ಹುಡುಗಿ, ನಿಮ್ಮಜ್ಜ ನಮ್ಮಜ್ಜನ ಬಾಳೆತೋಟಕ್ಕೆ ನೀರು ಕಟ್ಟಿದೋನು. ಅದೋನ್‌ಗಳ ಹಿಂದೆ ನಿಂತು ನಮ್ಮ ಹೆಣ್ಮಕ್ಕಳು ಸಹಿ ಹಾಕಿದ್ರು ಅಂತ ನಾಳೆ ಊರಿಗೆ ಸುದ್ದಿ ಹೋದ್ರೆ, ನಾನು ಯಾವ ಮುಖ ಇಟ್ಕೊಂಡು ಫೋನ್ ಎತ್ಲಿ?”

ಅದೋನ್ ಎಂದರೆ ಗುಲಾಮ. ಗುಂಗುರು ಕೂದಲು, ಅಗಲ ಮೂಗಿನ ನಮ್ಮ ಜನರನ್ನು ನದಿದಂಡೆಯಲ್ಲಿ ಹಾಗೆ ಕರೆಯುತ್ತಿದ್ದರು. ಹೆಣ್ಣು ಕೊಡುತ್ತಿರಲಿಲ್ಲ, ತರುತ್ತಿರಲಿಲ್ಲ. ಯುದ್ಧ ಬಂತು, ಶಿಬಿರ ಬಂತು, ಸಮುದ್ರ ದಾಟಿದೆವು. ಆ ಪದವೂ ನಮ್ಮ ಜೊತೆಗೇ ವಿಮಾನ ಹತ್ತಿ ಬಂದಿದೆ.

ಗಂಡಸರಲ್ಲಿ ಒಬ್ಬ ಕಿಸಕ್ಕೆಂದ. ಬಿಂತಿ ಅವನತ್ತ ನೋಡಲಿಲ್ಲ.

“ಹಾಜಿ, ನಿಮ್ ಚೀಟೀಲಿ ಹುಟ್ಟಿದ್ ದಿನ ಯಾವ್ದು ಬರ್ದದೆ?”

ಹಾಜಿ ಮತ್ತೆ ಎಲೆಕೋಸು ಎತ್ತಿಕೊಂಡ.

“ಯೋಳ್ಬುಡಿ ಮತ್ತೆ. ನಿಮ್ದೂ ಜನವರಿ ಒಂದು. ನನ್ದೂ ಜನವರಿ ಒಂದು. ಬಾಳೆತೋಟ ಈ ಊರ್ನೋರ್ಗ್ ಗೊತ್ತಿಲ್ಲ ಹಾಜಿ. ಅವರ್ ಪುಸ್ತಕದಾಗ್ ನಾವಿಬ್ರೂ ಒಂದೇ ಬಸುರಿಂದ ಬಿದ್ದೋರು.”

ಅವನು ಎದ್ದು ನಿಂತು, ಹೊರಗೆ ಹೋಗಿ ಎಂದು ಕೈ ತೋರಿಸಿದ. ನಾವು ಹೊಸಿಲು ದಾಟುವಾಗ ಹಿಂದಿನಿಂದ, ನಾಳೆ ಆ ಕಡೆ ಯಾರಾದರೂ ಕಾಲಿಟ್ಟರೆ ನನ್ನ ಅಂಗಡಿಯ ಕಡೆ ಬರುವುದು ಬೇಡ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಈ ಊರಿನಲ್ಲಿ ಹಲಾಲ್ ಮಾಂಸದ ಅಂಗಡಿ ಅದೊಂದೇ.

*

ಮಂಗಳವಾರ ಬೆಳಿಗ್ಗೆ ಕಾರ್ಖಾನೆಯಲ್ಲಿ ಎಲ್ಲರಿಗೂ ಸುದ್ದಿ ಗೊತ್ತಾಗಿತ್ತು. ಯಂತ್ರದ ಓಡುವ ಪಟ್ಟೆಗೆ ಸಿಕ್ಕಿಸಿದ ಟರ್ಕಿ ಕೋಳಿಗಳು ತಲೆಕೆಳಗಾಗಿ ತೂಗಿಕೊಂಡು ಬರುತ್ತವೆ. ನಿಮಿಷಕ್ಕೆ ಮೂವತ್ತು ಎದೆ. ನನ್ನ ಎಡಕ್ಕೆ ಹವೊ. ಅರವತ್ತೋ ಎಪ್ಪತ್ತೋ, ಅವಳಿಗೇ ಗೊತ್ತಿಲ್ಲ, ಚೀಟಿಯಲ್ಲಿ ಅರವತ್ತೊಂದು. ಹದಿನಾಲ್ಕು ವರ್ಷ ಇದೇ ಜಾಗದಲ್ಲಿ ಚಾಕು ಹಿಡಿದು ಅವಳ ಬೆರಳುಗಳು ಕೊಕ್ಕೆಯಾಗಿ ಹೋಗಿವೆ. ಬಿಚ್ಚಲು ಬರುವುದಿಲ್ಲ, ಪೂರ್ತಿ ಮಡಚಲೂ ಬರುವುದಿಲ್ಲ. ಬಲಕ್ಕೆ ಉಬಾಹ್. ಹಾಜಿಯ ತಮ್ಮನ ಸೊಸೆ. ನನಗಿಂತ ಹದಿನೈದು ವರ್ಷ ಕಿರಿಯಳು, ಚಿಕ್ಕವ್ವ ಎನ್ನಬೇಕಾದವಳು, ಹೆಸರು ಹಿಡಿದು ಕರೆಯುತ್ತಾಳೆ. ಮೂರು ವರ್ಷದಿಂದ ಮೊಣಕೈಗೆ ಮೊಣಕೈ ತಾಗಿಸಿ ಕೆಲಸ ಮಾಡಿದ್ದೇವೆ. ಊಟದ ಹೊತ್ತಿಗೆ ಅವಳು ಬೇರೆ ಮೇಜಿಗೆ ಹೋಗುತ್ತಾಳೆ.

ಮೇಸ್ತ್ರಿ ರಿಕ್ ಬಂದು ನಮ್ಮ ಹಿಂದೆ ನಿಂತ. ಯಾರ ಜೇಬಿನಲ್ಲಾದರೂ ಚುನಾವಣೆಯ ಕಾಗದ ಕಂಡರೆ ಅವತ್ತೇ ಮನೆಗೆ ಎಂದ. ಪಾಯಖಾನೆಗೆ ಹೋಗುವವರ ಹೆಸರನ್ನು ಅವನು ಬೋರ್ಡಿನ ಮೇಲೆ ಬರೆಯುತ್ತಾನೆ, ಪಕ್ಕದಲ್ಲಿ ನಿಮಿಷ. ಆ ದಿನ ನನ್ನ ಹೆಸರಿನ ಮುಂದೆ, ನಾನು ಹೋಗುವ ಮೊದಲೇ ಒಂದು ಪ್ರಶ್ನೆಚಿಹ್ನೆ ಹಾಕಿದ್ದ.

ಹನ್ನೊಂದಕ್ಕೆ ಊಟದ ಬಿಡುವು, ಅರ್ಧ ಗಂಟೆ. ನಾನು ಜೋಳದ ಮುದ್ದೆಯ ಡಬ್ಬಿ ತೆಗೆಯಲಿಲ್ಲ. ಹಿಂದಿನ ಶೀತಲಕೋಣೆಗೆ ಹೋದೆ. ಅದರ ಉಕ್ಕಿನ ಬಾಗಿಲು ಎರಡಾಳು ಅಗಲ, ಒಳಮೈಯೆಲ್ಲ ಬಿಳಿ ಮಂಜು ಕಟ್ಟಿರುತ್ತದೆ. ಕಾಗದವಿಲ್ಲ, ಪೆನ್ನಿಲ್ಲ, ರಿಕ್ ಜೇಬು ತಡಕಿದರೆ ತಡಕಿಕೊಳ್ಳಲಿ. ನನ್ನ ಹಿಂದೆಯೇ ಹವೊ ಬಂದಳು, ಆಮೇಲೆ ಮತ್ತೆ ಹತ್ತು, ಆಮೇಲೆ ಇಪ್ಪತ್ತು. ಕೈಗವಸು ತೆಗೆದು ಬೆರಳಿನಿಂದ ಮಂಜಿನ ಮೇಲೆ ಒಬ್ಬೊಬ್ಬಳ ಹೆಸರು ಬರೆದು ತೋರಿಸಿದೆ. ಅವರು ಅದರ ಕೆಳಗೆ ತಿದ್ದಿದರು. ಬೆರಳು ಮರಗಟ್ಟಿದಾಗ ಕಂಕುಳಲ್ಲಿಟ್ಟುಕೊಂಡು ಮತ್ತೆ ತಿದ್ದಿದರು. ವಿಳಾಸ ಸುಲಭ, ಎಲ್ಲರದೂ ಒಂದೇ ಬೀದಿ, ಮನೆ ನಂಬರು ಮಾತ್ರ ಬೇರೆ. ಹುಟ್ಟಿದ ದಿನ ಇನ್ನೂ ಸುಲಭ. ಒಂದು ನೆಟ್ಟನೆಯ ಗೆರೆ, ಒಂದು ಓರೆಗೆರೆ, ಮತ್ತೊಂದು ನೆಟ್ಟನೆಯ ಗೆರೆ. ಆಮೇಲೆ ಇಸವಿ.

“ಆ ಗುಮಾಸ್ತ ಮುಂಡೇದು ಇದೊಂದ್ ಉಪ್ಕಾರ ಮಾಡವ್ನೆ,” ಎಂದಳು ಹವೊ. “ಅಕ್ಟೋಬರ್ ಇಪ್ಪತ್ತೆಂಟು ಅಂತ ಬರ್ದಿದ್ರೆ ನಾನ್ ಇಲ್ಲೇ ಎಪ್ಪುಗಟ್ಕಂಡ್ ಸಾಯ್ತಿದ್ದೆ.”

ಬಾಯಿಂದ ಹೊಗೆಯಾಡುವ ಉಸಿರು ಬಿಡುತ್ತ ಎಲ್ಲರೂ ನಕ್ಕರು. ಬಾಗಿಲ ತುಂಬ ನಮ್ಮ ಹೆಸರು. ಹೊರಗೆ ಉಬಾಹ್ ಹಾದು ಹೋದಳು. ಒಳಗೆ ಒಂದು ಸಲ ನೋಡಿದಳು, ನಿಲ್ಲಲಿಲ್ಲ. ಬಿಡುವು ಮುಗಿದಾಗ ರಿಕ್ ಬಂದು ಬಾಗಿಲು ನೋಡಿದ. ಬಿಸಿನೀರಿನ ಪೈಪು ತರಿಸಿ ಎಲ್ಲವನ್ನೂ ತೊಳೆಸಿದ. ತೊಳೆಯಲು ಹೇಳಿದ್ದು ಹವೊಗೆ.

*

ಮೂರು ಗಂಟೆಗೆ ನಗರಸಭೆಯ ಮುಂದೆ ಸಾಲು ನಿಂತಿತು. ಪಾಳಿ ಮುಗಿಸಿದ ನಲವತ್ತೊಂದು ಹೆಂಗಸರು, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹದಿನೈದು ಮಂದಿ ಮಕ್ಕಳ ಸಮೇತ. ಒಟ್ಟು ಐವತ್ತಾರು. ಬಿಂತಿ ಎರಡು ಸಲ ಎಣಿಸಿದಳು. ಒಂದು ಕಡಿಮೆ. ನಿಲ್ಲುವವಳ ಸಹಿ ಲೆಕ್ಕಕ್ಕಿರಲಿಲ್ಲ. ನನ್ನನ್ನು ನೋಡಿದಳು, ನನ್ನ ಹೆಸರು ಆಗಲೇ ನಲವತ್ತಮೂರರಲ್ಲಿ ಸೇರಿತ್ತು. ಎರಡು ಸಲ ಹುಟ್ಟಿದ್ದರೆ ಬರೆಯಬಹುದಿತ್ತು.

ನಮ್ಮ ಮೈಮೇಲಿನ ಕೋಳಿ ಕೊಬ್ಬಿನ ವಾಸನೆಗೆ ಡಾರ್ಲೀನ್ ಮೂಗಿಗೆ ಕರ್ಚೀಫು ಹಿಡಿದಳು. ಆಮೇಲೆ ಡ್ರಾಯರಿನಿಂದ ಸುಗಂಧದ ಡಬ್ಬಿ ತೆಗೆದು ಕೌಂಟರಿನ ಮೇಲೆ ಎರಡು ಸಲ ಸಿಂಪಡಿಸಿದಳು. ಪ್ರತಿ ದಿನ ಮಧ್ಯಾಹ್ನ ಅವಳು ರೊಟ್ಟಿಯ ನಡುವೆ ಇಟ್ಟುಕೊಂಡು ತಿನ್ನುವ ತೆಳ್ಳನೆ ಮಾಂಸದ ಹಾಳೆ ಬರುವುದು ಈ ವಾಸನೆಯಿಂದಲೇ. ಒಂದು ಹಾಳೆ ಇಟ್ಟಳು, ಸರಪಳಿ ಕಟ್ಟಿದ ಒಂದು ಪೆನ್ನು ಇಟ್ಟಳು. ಬಿಂತಿಯನ್ನು ದೂರದ ಬೆಂಚಿನಲ್ಲಿ ಕೂರಲು ಹೇಳಿದಳು. ನನ್ನನ್ನು ಇನ್ನೂ ದೂರ.

ಮೊದಲು ನಿಂತವಳ ಚೀಟಿಯನ್ನು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿದಳು. ಗಂಡನ ಹೆಸರು ಬೇರೆ, ಇವಳ ಹೆಸರು ಬೇರೆ ಏಕೆ ಎಂದು ಕೇಳಿದಳು. ನಮ್ಮಲ್ಲಿ ಹೆಣ್ಣು ತಂದೆಯ ಹೆಸರನ್ನೇ ಸಾಯುವವರೆಗೆ ಇಟ್ಟುಕೊಳ್ಳುತ್ತಾಳೆ. ಅವಳು ಅದನ್ನು ವಿವರಿಸುವಷ್ಟರಲ್ಲಿ ನಾಲ್ಕು ನಿಮಿಷ. ಎರಡನೆಯವಳಿಗೆ ಅದೇ ಪ್ರಶ್ನೆ. ಮೂರನೆಯವಳಿಗೆ, ಇದು ನಿಜವಾಗಿ ನಿನ್ನ ಹುಟ್ಟಿದ ದಿನವೇ ಎಂದು ಪ್ರಮಾಣ ಮಾಡುತ್ತೀಯಾ ಎಂದು. ನಾನು ಬೆಂಚಿನಿಂದ ಗಡಿಯಾರ ನೋಡುತ್ತಿದ್ದೆ. ನಾಲ್ಕು ಗಂಟೆಗೆ ಹತ್ತೊಂಬತ್ತು.

ಬಿಂತಿ ಎದ್ದು ಹೋಗಿ, ಮಕ್ಕಳು ಅಳುತ್ತಿವೆ, ಎರಡು ಪೆನ್ನು ಕೊಡಿ ಎಂದು ಕೇಳಿದಳು. ಕಚೇರಿಯಲ್ಲಿ ಪೆನ್ನಿನ ಕೊರತೆ ಎಂದಳು ಡಾರ್ಲೀನ್. ಅವಳ ಹಿಂದಿನ ಲೋಟದಲ್ಲಿ ಹತ್ತು ಹನ್ನೆರಡು ಪೆನ್ನುಗಳಿದ್ದವು. ಬಿಂತಿ ಲೋಟವನ್ನೇ ನೋಡಿದಳು, ಡಾರ್ಲೀನಳನ್ನು ನೋಡಿದಳು, ತುಟಿ ಕಚ್ಚಿಕೊಂಡು ವಾಪಸು ಬಂದು ಕೂತಳು.

“ಈ ಲೌಡಿ ನನ್ ಕೈಲಿ ಒಡ್ಸ್ಕಬೇಕು ಅಂತ್ಲೇ ಕಾಯ್ತಾವ್ಳೆ ಚಿಕ್ಕವ್ವ. ಒಡುದ್ರೆ ಅಲ್ಗೆ ಮುಗೀತು. ಅದುಕ್ಕೇ ಒಡ್ಯಲ್ಲ.” ಕೈಯೆರಡನ್ನೂ ತೊಡೆಯ ಕೆಳಗೆ ಒತ್ತಿ ಕೂತಿದ್ದಳು.

ಹೆಂಗಸರು ತಾವೇ ದಾರಿ ಕಂಡುಕೊಂಡರು. ಪ್ರಶ್ನೆ ಬರುವ ಮೊದಲೇ ಉತ್ತರ ಹೇಳಿ, ಹೆಸರು, ವಿಳಾಸ, ಗೆರೆ, ಓರೆ, ಗೆರೆ ಎಂದು ಗೊಣಗುತ್ತ ಒಬ್ಬೊಬ್ಬರು ಒಂದೂವರೆ ನಿಮಿಷಕ್ಕೆ ಮುಗಿಸತೊಡಗಿದರು. ಪಟ್ಟೆಯ ವೇಗಕ್ಕೆ ಬಿದ್ದ ಕೈಗಳು. ನಾಲ್ಕೂವರೆಗೆ ಮೂವತ್ತೊಂಬತ್ತು. ನಾಲ್ಕು ಐವತ್ತಕ್ಕೆ ಐವತ್ತೆರಡು.

ಆಗ ಉಬಾಹ್ ಬಂದಳು. ತಲೆವಸ್ತ್ರ ಮುಖದ ಮುಕ್ಕಾಲು ಮುಚ್ಚಿತ್ತು. ಸಾಲಿನವರು ಅವಳನ್ನು ಮುಂದೆ ಬಿಟ್ಟರು. ಬಿಂತಿ ಏಳಹೋದವಳು ಕೂತಳು.

“ನಿಂಗೋಸ್ಕರ ಬಂದಿಲ್ಲ,” ಎಂದಳು ಉಬಾಹ್, ಬಿಂತಿಯತ್ತ ತಿರುಗದೆ. “ನಂಗೆ ಈಗ ಏಳು ತಿಂಗ್ಳು. ಫೆಬ್ರವರೀಲಿ ಅಲ್ಲ ಅನ್ನೋದಷ್ಟೇ ಪುಣ್ಯ. ಇನ್ನೊಂದು ಫೆಬ್ರವರಿ ಯಾವಾಗ್ಲೂ ಇರುತ್ತೆ.”

ಆಗಷ್ಟೇ ಬರೆದು ಮುಗಿಸಿದವಳು ಚಾಚಿದ ಪೆನ್ನನ್ನು ಉಬಾಹ್ ಅವಳ ಕೈಯಿಂದ ತೆಗೆದುಕೊಳ್ಳಲಿಲ್ಲ. ಕೌಂಟರಿನ ಮೇಲೆ ಇಡುವವರೆಗೂ ಕಾದು, ತಲೆವಸ್ತ್ರದ ಅಂಚಿನಿಂದ ಒರೆಸಿ, ಆಮೇಲೆ ಬರೆದಳು. ಚಂದದ ಅಕ್ಷರ. ನನಗಿಂತ ಚಂದ. ಐವತ್ತಮೂರು. ಬರೆದು ಬಾಗಿಲಿನವರೆಗೆ ಹೋದಳು. ಹೊರಗೆ ಬೀದಿಯ ಆಚೆ ಹಾಜಿಯ ವ್ಯಾನು ನಿಂತಿತ್ತು. ಅವಳು ಹೊರಗೂ ಹೋಗಲಿಲ್ಲ, ಒಳಗೂ ಬರಲಿಲ್ಲ.

ಐವತ್ತನಾಲ್ಕು. ಐವತ್ತೈದು. ಐದಕ್ಕೆ ನಾಲ್ಕು ನಿಮಿಷವಿತ್ತು, ಉಳಿದವರು ಇಬ್ಬರು. ಹವೊ, ಅವಳ ಹಿಂದೆ ಹೊಟ್ಟೆಯ ಮೇಲೆ ಮಗು ಕಟ್ಟಿಕೊಂಡ ನನ್ನ ಮನೆಯ ಎದುರಿನ ಸೆಲೆಮೊ.

ಹವೊ ಪೆನ್ನು ಹಿಡಿದಳು. ಪೆನ್ನು ಬಿತ್ತು. ಎತ್ತಿದಳು. ಕೊಕ್ಕೆಯಾದ ಬೆರಳುಗಳ ಸಂದಿಗೆ ಎಡಗೈಯಿಂದ ಅದನ್ನು ತುರುಕಿ, ಚಾಕು ಹಿಡಿದಂತೆ ಮುಷ್ಟಿಯಲ್ಲಿ ಹಿಡಿದಳು. ಮಧ್ಯಾಹ್ನ ಬಿಸಿನೀರಿನ ಪೈಪು ಹಿಡಿದಿದ್ದ ಕೈ, ಇನ್ನೂ ಕೆಂಪಗಿತ್ತು. ಒಂದು ಅಕ್ಷರ ಬರೆದಳು. ಇನ್ನೊಂದು ಬರೆದಳು. ಡಾರ್ಲೀನ್ ಚೀಟಿ ನೋಡಿ, ಹುಟ್ಟಿದ ದಿನ ಇದು ನಿಜವೇ ಎಂದು ಕೇಳಿದಳು.

“ಜೋಳ ಮೊಣಕಾಲುದ್ದ ಬೆಳ್ದಿತ್ತಂತೆ,” ಎಂದಳು ಹವೊ, ತಲೆಯೆತ್ತದೆ. “ಅದ್ನ ಬರ್ಯಕ್ಕೆ ಜಾಗ ಐತಾ ನಿನ್ ಪಟ್ಟೀಲಿ? ಇಲ್ಲಾಂದ್ರೆ ಸುಮ್ಕಿರು.”

ಹೆಸರು ಮುಗಿದು ವಿಳಾಸಕ್ಕೆ ಬಂದಾಗ ಗೋಡೆಯ ಗಡಿಯಾರದ ಮುಳ್ಳು ನೆಟ್ಟಗಾಯಿತು. ಡಾರ್ಲೀನ್ ಐದು ಗಂಟೆ ಎಂದಳು. ಈಕೆ ಐದಕ್ಕೆ ಮೊದಲೇ ಬಂದು ನಿಂತವಳು, ಬರೆಯುತ್ತಿದ್ದಾಳೆ ಎಂದಳು ಬಿಂತಿ. ಕೌಂಟರು ಮುಚ್ಚಿತು ಎಂದಳು ಡಾರ್ಲೀನ್. ಗೋಡೆಯ ಮೇಲಿನ ಗುಂಡಿ ಒತ್ತಿದಳು. ಮೇಲಿನಿಂದ ಕಬ್ಬಿಣದ ಷಟರು ಗರಗರ ಎನ್ನುತ್ತ ಇಳಿಯತೊಡಗಿತು. ಹಾಳೆ ಕೌಂಟರಿನ ಒಳಗಿನ ಅರ್ಧದಲ್ಲಿತ್ತು. ಹವೊಳ ಎರಡು ತೋಳೂ ಮೊಣಕೈವರೆಗೆ ಒಳಗಿದ್ದವು. ಅವಳು ತೆಗೆಯಲಿಲ್ಲ.

ಷಟರು ಬಂದು ತೋಳಿನ ಮೇಲೆ ಕೂತಿತು. ಒಂದು ಸಲ ನರಳಿ ನಿಂತಿತು. ಹವೊಳ ಮುಖದಲ್ಲಿ ಏನೂ ಆಗಲಿಲ್ಲ. ಪಟ್ಟೆಯ ಮುಂದೆ ಹದಿನಾಲ್ಕು ವರ್ಷ ಏನೂ ಆಗದ ಹಾಗೆ ಇಟ್ಟುಕೊಂಡ ಮುಖ ಅದು. ಒಳಗಿನಿಂದ ಡಾರ್ಲೀನ್, ಕೈ ತೆಗೆ, ಕೈ ತೆಗೆ ಎನ್ನುತ್ತಿದ್ದಳು. ಈಗ ನಗುತ್ತಿರಲಿಲ್ಲ. ಫೋನು ಎತ್ತಿಕೊಂಡದ್ದು ಕೇಳಿಸಿತು. ಗಲಾಟೆ, ಬಹಳ ಹೆಂಗಸರು, ಕರಿಯರು ಎಂದು ಯಾರಿಗೋ ಹೇಳಿದ್ದು ಕೇಳಿಸಿತು.

ನಾನು ದೂರದ ಬೆಂಚಿನಿಂದ ಎದ್ದು ಬಂದೆ. ನನ್ನ ಬಲಗೈಯನ್ನು ಹವೊಳ ತೋಳಿನ ಪಕ್ಕ ಷಟರಿನ ಕೆಳಗೆ ತೂರಿಸಿದೆ. ನನ್ನ ಪಕ್ಕ ಬಿಂತಿ. ಅವಳ ಪಕ್ಕ ಸೆಲೆಮೊ, ಗುರುತಿನ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದೇ ಕೈ ಚಾಚಿದಳು. ಒಂದೊಂದೇ ಬಂದವು, ಕೊಬ್ಬಿನ ವಾಸನೆಯ ಕೈಗಳು, ಚಾಕುವಿನ ಗೀರಿನ ಕೈಗಳು, ಕೌಂಟರಿನ ಉದ್ದಕ್ಕೂ.

ಸೈರನ್ ಕೇಳಿಸಿತು. ಫೆಬ್ರವರಿಯಲ್ಲಿ ನಮ್ಮ ಬೀದಿಗೆ ಬರಲು ಆಂಬುಲೆನ್ಸು ಎರಡು ಗಂಟೆ ತೆಗೆದುಕೊಂಡಿತ್ತು; ಈಗ ಪೊಲೀಸರ ಗಾಡಿ ನಾಲ್ಕೇ ನಿಮಿಷದಲ್ಲಿ ಬಾಗಿಲಿಗೆ ಬಂತು. ಕೆಂಪು ದೀಪ ಬಾಗಿಲ ಗಾಜಿನ ಮೇಲೆ, ಗಾಜಿಗೆ ಬೆನ್ನು ಕೊಟ್ಟು ನಿಂತಿದ್ದ ಉಬಾಹ್‌ಳ ತಲೆವಸ್ತ್ರದ ಮೇಲೆ ತಿರುಗತೊಡಗಿತು.

ಹವೊಗೆ ಹಾಳೆ ಕಾಣುತ್ತಿರಲಿಲ್ಲ. ಷಟರಿನ ಆಚೆ ಅವಳ ಕೈ ಕುರುಡಾಗಿ ಬರೆಯುತ್ತಿತ್ತು.

“ಮನೆ ನಂಬರ್ ಆಯ್ತು ಅಂಬಿಯೊ,” ಎಂದಳು. “ಈಗ ಹುಟ್ಟಿದ್ ದಿನ. ಮೊದ್ಲು ಗೆರೆಯಲ್ವಾ?”

“ಊಂ. ಗೆರೆ.”

“ವಾಲ್ಸ್‌ಬೇಕಾ?”

“ಬ್ಯಾಡ ಹವೊ,” ಎಂದೆ. “ನೆಟ್ಟಗೆ ಎಳಿ.”